ಈಗಿರುವ ವ್ಯವಸ್ಥೆಯ ದೋಷಗಳು

ಅವರ ಹೆಸರು ನನಗೆ ಗೊತ್ತಾದದ್ದು ಅವರ ಬೊಜ್ಜದ ಕಾರ್ಡಿನಿಂದ. ಉತ್ತರಕ್ರಿಯೆಗೆ ನಮ್ಮ ಕಡೆ ಬೊಜ್ಜ ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಅವರು ಕಂಡಕ್ಟರಾಗಿದ್ದ ಎಂಟು ಗಂಟೆಯ ಬಸ್ಸಿನಲ್ಲಿ ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುತ್ತಿದ್ದವನು ನಾನು. ಸಂಜೆ ಅದೇ ಬಸ್ಸಿನಲ್ಲಿ ವಾಪಸು. ನನ್ನ ಹೆಂಡತಿಯ ಎದುರು ಕುಳಿತದ್ದಕ್ಕಿಂತ ಹೆಚ್ಚು ಹೊತ್ತು ಅವರ ಎದುರು ನಿಂತಿದ್ದೇನೆ ಎಂದು ಅವಳೇ ಲೆಕ್ಕ ಹಾಕಿ ಹೇಳಿದ್ದಾಳೆ. ಆದರೂ ಹೆಸರು ಕೇಳಿರಲಿಲ್ಲ. ನಾನು ಅವರನ್ನು ‘ಕಂಡಕ್ಟ್ರೆ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಮಾಸ್ಟ್ರೆ’ ಎನ್ನುತ್ತಿದ್ದರು. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಈಗ ಹೆಸರು ಗೊತ್ತಿದ್ದರೂ ಇಲ್ಲಿ ಬರೆಯುವಂತಿಲ್ಲ. “ಇನ್ನು ನನ್ನದು ಎಂತದನ್ನೂ ಪೇಪರಿಗೆ ಹಾಕ್ಬೇಡಿ ಮಾಸ್ಟ್ರೆ” ಎಂದು ಅವರು ಒಮ್ಮೆ ನನಗೆ ಕೈಮುಗಿದಿದ್ದರು. ಯಾಕೆ ಮುಗಿದರು ಎಂಬುದನ್ನು ಹೇಳಲು ನನಗೆ ನಾಚಿಕೆ. ಆದರೆ ಅದನ್ನು ಬಿಟ್ಟರೆ ಈ ಬರಹದಲ್ಲಿ ಹೇಳಲು ಬೇರೇನೂ ಉಳಿಯುವುದಿಲ್ಲ.

ಮೊದಲು ನನ್ನ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಸಾಮಾನ್ಯ ಮನುಷ್ಯನಲ್ಲ. ನಾನು ಇನ್ನೋವೇಟರ್. ಹಾಗೆಂದು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದೆ. ಹುಟ್ಟಿದ್ದು ಕನ್ಯಾನದಲ್ಲಿ, ಹೊಟ್ಟೆಪಾಡಿಗೆ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರುಗಿರಿ. ಕಾಲೇಜಿನಲ್ಲಿ ‘ನಾವೀನ್ಯ ಕೋಶ’ ಆಗಬೇಕೆಂದು ಮೇಲಿನಿಂದ ಆದೇಶ ಬಂದ ದಿನ ನಾನು ರಜೆಯಲ್ಲಿದ್ದೆ. ಮೀಟಿಂಗಿನಲ್ಲಿ ಇಲ್ಲದವನ ತಲೆಗೆ ಅದನ್ನು ಕಟ್ಟಿದರು. ಮರುದಿನ ಹೋದಾಗ ಸ್ಟೋರ್ ರೂಮಿನ ಪಕ್ಕದ ಕೋಣೆಗೆ ನನ್ನ ಹೆಸರಿನ ಬೋರ್ಡು ಬಿದ್ದಿತ್ತು. ಮನುಷ್ಯ ಎಷ್ಟು ಬೇಗ ಬೋರ್ಡನ್ನು ನಂಬುತ್ತಾನೆ ಎಂಬುದಕ್ಕೆ ನಾನೇ ಸಾಕ್ಷಿ. ಒಂದು ತಿಂಗಳೊಳಗೆ ನಾನು ಹುಟ್ಟಿನಿಂದಲೇ ಹೀಗೆ ಎಂದು ನನಗೆ ಖಾತ್ರಿಯಾಯಿತು.

ಪ್ರತಿ ವರ್ಷ ಹೊಸ ಮಕ್ಕಳ ಎದುರು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ನಾವೀನ್ಯಕಾರ ಎಂದರೆ ಯಾರು?’ ಎಂದು ಬರೆಯುತ್ತಿದ್ದೆ. ಕೆಳಗೆ ನಾಲ್ಕು ಗುಣಗಳು. ಸಮಸ್ಯೆಯನ್ನು ನೋಡುವವನು, ಧೈರ್ಯ ಮಾಡುವವನು, ಸೋಲಿಗೆ ಹೆದರದವನು. ನಾಲ್ಕನೆಯದು ನನಗೆ ಯಾವಾಗಲೂ ಮರೆತುಹೋಗುತ್ತಿತ್ತು. ಆಗ ಮಕ್ಕಳ ಕಡೆ ತಿರುಗಿ “ನಾಲ್ಕನೆಯದನ್ನು ನೀವೇ ಹುಡುಕಿ” ಎನ್ನುತ್ತಿದ್ದೆ. ಅದಕ್ಕೆ ಚಪ್ಪಾಳೆ ಬೀಳುತ್ತಿತ್ತು.

ಈ ಚಪ್ಪಾಳೆಯನ್ನು ಮನಸ್ಸಿನಲ್ಲಿ ತುಂಬಿಕೊಂಡು ಸಂಜೆ ಬಸ್ಸು ಹತ್ತಿದರೆ ಕಿವಿಗೆ ಬೀಳುತ್ತಿದ್ದ ಮೊದಲ ಮಾತು “ದುಂಬು ಪೋಲೆ ಮಾಸ್ಟ್ರೆ, ದುಂಬು ಪೋಲೆ!” ಮುಂದೆ ಹೋಗಿ ಎಂದರ್ಥ. ಬಸ್ಸಿನಲ್ಲಿ ಅವರು ನನ್ನ ಹತ್ತಿರ ತುಳುವಿನಲ್ಲಿ ಆಡುತ್ತಿದ್ದ ಮಾತು ಅದೊಂದೇ. ಉಳಿದದ್ದೆಲ್ಲ ಕನ್ನಡ. ನನಗೆ ತುಳು ಚೆನ್ನಾಗಿ ಬರುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಪಾಠ ಹೇಳುವವರ ಹತ್ತಿರ ತುಳು ಮಾತಾಡಿದರೆ ಮರ್ಯಾದೆ ಕಡಿಮೆಯಾಗುತ್ತದೆ ಎಂದು ಅವರ ಲೆಕ್ಕ. ಮುಂದಕ್ಕೆ ದಬ್ಬುವಾಗ ಮಾತ್ರ ಮರ್ಯಾದೆಯ ಪ್ರಶ್ನೆ ಬರುತ್ತಿರಲಿಲ್ಲ.

ಆಳು ಸಪೂರ. ಖಾಕಿ ಅಂಗಿಯ ಮೇಲಿನ ಎರಡು ಗುಂಡಿ ಹಾಕುತ್ತಿರಲಿಲ್ಲ. ಪೀಪಿ ಊದುವ ಅಭ್ಯಾಸ ಇರಲಿಲ್ಲ, ಬಸ್ಸಿನ ತಗಡಿಗೆ ಅಂಗೈಯಿಂದ ಬಡಿಯುತ್ತಿದ್ದರು. ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೊರಡು. ಸಿಟ್ಟು ಮೂಗಿನ ತುದಿಯಲ್ಲಿ. ಫುಟ್‌ಬೋರ್ಡಿನಲ್ಲಿ ನೇತಾಡುವ ಕಾಲೇಜು ಹುಡುಗರನ್ನು ಕಂಡರೆ ಮೈ ಉರಿಯುತ್ತಿತ್ತು. ತಪ್ಪು ತಮ್ಮದೇ ಇದ್ದರೂ ಒಪ್ಪಿಕೊಂಡವರಲ್ಲ. ಮಾತು ಕಡಿಮೆ. ಏನು ಕೇಳಿದರೂ ಉತ್ತರ ಒಂದೇ, “ನೋಡುವ.” ಸೀಟು ಸಿಗಬಹುದಾ ಎಂದರೆ ನೋಡುವ. ಮಳೆ ಬಂದೀತಾ ಎಂದರೂ ನೋಡುವ.

ಮಳೆಗಾಲದಲ್ಲಿ ನಮ್ಮ ಬಸ್ಸುಗಳ ಒಳಗೆ ಹೊರಗಿಗಿಂತ ಹೆಚ್ಚು ನೀರು. ಎಲ್ಲರ ಕೈಯಲ್ಲಿ ಒದ್ದೆ ಕೊಡೆ, ಎಲ್ಲರ ಕೊಡೆ ಇನ್ನೊಬ್ಬರ ಮೊಣಕಾಲಿಗೆ. ಒಂದು ವರ್ಷ ಜೂನಿನಲ್ಲಿ ನೋಡಿದರೆ ಡ್ರೈವರ್ ಸೀಟಿನ ಹಿಂದೆ ಪೇಂಟಿನ ಹಳೆಯ ಬಕೆಟ್ಟು ಕಟ್ಟಿತ್ತು, ಕೊಡೆಗಳೆಲ್ಲ ಅದರಲ್ಲಿ. ಶಾಲೆಯ ಮಕ್ಕಳ ಚೀಲಗಳನ್ನು ಇಂಜಿನ್ ಡಬ್ಬದ ಮೇಲೆ ಒಟ್ಟುವಾಗ ದೂರ ಹೋಗುವವರದು ಅಡಿಗೆ, ಬೇಗ ಇಳಿಯುವವರದು ಮೇಲೆ. ಯಾವ ಮಗು ಎಲ್ಲಿ ಇಳಿಯುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಎಲ್ಲವೂ ಯಶಸ್ವಿ ಎಂದಲ್ಲ. ಹಿಂದಿನ ಬಾಗಿಲು ಕಾಣಲೆಂದು ಒಮ್ಮೆ ದೊಡ್ಡದೊಂದು ಕನ್ನಡಿ ತೂಗುಹಾಕಿದರು. ಅದರಲ್ಲಿ ಹಿಂದಕ್ಕೆ ಓಡುವ ರಸ್ತೆ ನೋಡಿ ಗರ್ಡಾಡಿ ತಲುಪುವಷ್ಟರಲ್ಲಿ ಇಬ್ಬರು ವಾಂತಿ ಮಾಡಿಕೊಂಡರು. ಕನ್ನಡಿ ಮರುದಿನ ಇರಲಿಲ್ಲ. ಕೇಳಿದರೆ, “ಯಾವ ಕನ್ನಡಿ?” ಎಂದರು.

ಇದನ್ನೆಲ್ಲ ನಾನು ದಿನಾ ನೋಡುತ್ತಿದ್ದೆ. ನೋಡುತ್ತಾ, ನಾಳೆ ತರಗತಿಯಲ್ಲಿ ನಾವೀನ್ಯಕ್ಕೆ ಉದಾಹರಣೆಯಾಗಿ ಯಾವ ದೇಶದ್ದನ್ನು ಕೊಡಲಿ ಎಂದು ಯೋಚಿಸುತ್ತಿದ್ದೆ.

ವೇಣೂರು ದಾಟಿದ ಮೇಲೆ ಒಂದು ಗೋಳಿಮರ, ಅದರ ಕೆಳಗೆ ಸ್ಟಾಪು. ಅಲ್ಲಿ ಗಿರಿಜಕ್ಕ ಹತ್ತುತ್ತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು. ತಲೆಯ ಮೇಲೆ ಬಸಳೆ, ಹರಿವೆಯ ಬುಟ್ಟಿ, ವಾರಕ್ಕೆರಡು ದಿನ ಮೂಡುಬಿದಿರೆಗೆ ವ್ಯಾಪಾರಕ್ಕೆ. ಒಬ್ಬಳೇ ಇರುವ ಜೀವ. ಸೊಪ್ಪು ಬೆಳೆಯುವುದಕ್ಕಿಂತ, ಅಲ್ಲಿ ಹೋಗಿ ಕುಳಿತು ನಾಲ್ಕು ಜನರ ಹತ್ತಿರ ಮಾತಾಡಿ ಬರುವುದರಲ್ಲಿ ಅವರ ಪ್ರಾಣ ಇತ್ತು. ಆದರೆ ಮಂಡಿ ಮಡಚುತ್ತಿರಲಿಲ್ಲ. ನಮ್ಮ ಬಸ್ಸಿನ ಮೊದಲ ಮೆಟ್ಟಿಲೋ, ಒಳ್ಳೆಯ ಕಾಲಿದ್ದವರೇ ಕಂಬಿ ಹಿಡಿದು ಒಮ್ಮೆ ದೇವರನ್ನು ನೆನೆಯಬೇಕು. ಹಿಂದಿನವರು ಎತ್ತಿ ದಬ್ಬಿದರೆ ಗಿರಿಜಕ್ಕನಿಗೆ ಅವಮಾನ. “ನಾನೆಂತ ಅಕ್ಕಿ ಮೂಟೆಯಾ?” ಎಂದು ಒಮ್ಮೆ ಬುಟ್ಟಿ ಸಮೇತ ವಾಪಸು ಹೋದರು.

ಆ ವಾರವೇ ಬಸ್ಸಿಗೆ ಮಣೆ ಬಂತು. ತೆಂಗಿನಕಾಯಿ ತುರಿಯುವ ಹಲಸಿನ ಮಣೆ, ಕಬ್ಬಿಣದ ತುರಿಯನ್ನು ಕಿತ್ತು ತೆಗೆದದ್ದು. ತುರಿ ಇದ್ದ ತೂತಿನಲ್ಲಿ ದನ ಕಟ್ಟುವ ಹಗ್ಗ ಪೋಣಿಸಿ ಇನ್ನೊಂದು ತುದಿಯನ್ನು ಬಾಗಿಲಿನ ಕಂಬಿಗೆ ಕಟ್ಟಿದ್ದರು. ಗೋಳಿಮರದ ಹತ್ತಿರ ತಗಡಿಗೆ ಒಂದು ಬಡಿತ, ಮಣೆ ಕೆಳಗೆ. ಗಿರಿಜಕ್ಕ ಅದರ ಮೇಲೆ ಒಂದು ಕಾಲು, ಬಸ್ಸಿನಲ್ಲಿ ಒಂದು ಕಾಲು. ಹಗ್ಗ ಎಳೆದರೆ ಮಣೆ ಮೇಲೆ, ಸೀಟಿನ ಅಡಿಗೆ. ಎರಡು ಬಡಿತ. ಅಷ್ಟೇ. ಒಂದು ತಿಂಗಳಲ್ಲಿ ಆ ದಾರಿಯ ಮುದುಕ ಮುದುಕಿಯರೆಲ್ಲ ಬೇರೆ ಬಸ್ಸು ಬಿಟ್ಟು ಈ ಬಸ್ಸಿಗೇ ಕಾಯತೊಡಗಿದರು.

ಮಣೆ ಬಂದು ಐದು ವರ್ಷವಾದಾಗ ಕಾಲೇಜುಗಳ ನಡುವೆ ನಾವೀನ್ಯ ಸ್ಪರ್ಧೆ ಇತ್ತು. ನನ್ನ ಕೋಶದಿಂದ ಏನಾದರೂ ಹೋಗಬೇಕಿತ್ತು, ಕೋಶದಲ್ಲಿ ಏನೂ ಇರಲಿಲ್ಲ. ಕೊನೆಯ ದಿನ ಹತ್ತಿರ ಬಂದಂತೆ ನನಗೆ ಮಂಡೆಬಿಸಿ ಶುರುವಾಯಿತು. ಒಂದು ಬೆಳಿಗ್ಗೆ ಗೋಳಿಮರದ ಹತ್ತಿರ ಮಣೆ ಇಳಿದಾಗ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ಮಣೆಯನ್ನು ಐದು ವರ್ಷದಿಂದ ನೋಡುತ್ತಿದ್ದೆ, ಮಿಂಚು ಬಂದದ್ದು ಮಾತ್ರ ಅಂದು. ಮೂವರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ‘ಸೆನ್ಸರ್ ಆಧಾರಿತ ಸ್ವಯಂಚಾಲಿತ ಮಡಚುವ ಮೆಟ್ಟಿಲು’ ತಯಾರಿಸಿದೆ. ಮನುಷ್ಯರು ಹತ್ತಿರ ಬಂದರೆ ಮೆಟ್ಟಿಲು ತಾನಾಗಿ ಹೊರಗೆ ಬರಬೇಕು, ಹತ್ತಿದ ಮೇಲೆ ತಾನಾಗಿ ಒಳಗೆ ಹೋಗಬೇಕು.

ಪ್ರಾಜೆಕ್ಟ್ ವರದಿ ಬರೆದವರಿಗೆ ಗೊತ್ತು, ಅದರಲ್ಲಿ ಒಂದು ಅಧ್ಯಾಯ ಕಡ್ಡಾಯ. ‘ಈಗಿರುವ ವ್ಯವಸ್ಥೆಯ ದೋಷಗಳು.’ ಹಳೆಯದರಲ್ಲಿ ದೋಷ ಇಲ್ಲದಿದ್ದರೆ ಹೊಸತು ಯಾಕೆ ಬೇಕು? ನಮ್ಮ ಮೆಟ್ಟಿಲಿಗೆ ಈಗಿರುವ ವ್ಯವಸ್ಥೆ ಎಂದರೆ ಅವರ ಮಣೆ. ಒಬ್ಬ ವಿದ್ಯಾರ್ಥಿಯನ್ನು ಕ್ಯಾಮರಾ ಸಮೇತ ಬಸ್ಸಿಗೆ ಹತ್ತಿಸಿದೆ.

“ಫೋಟೋ ಎಂತಕ್ಕೆ ಮಾಸ್ಟ್ರೆ?” ಎಂದರು.

“ಒಳ್ಳೆಯದಕ್ಕೇ. ಸ್ಪರ್ಧೆಗೆ ಕಳಿಸಲಿಕ್ಕುಂಟು.”

“ಮಣೆಯದ್ದಾ?”

“ಹೌದು, ಮಣೆಯದ್ದೇ.”

ಗೋಳಿಮರ ಬರುವ ಮೊದಲು ಅವರು ಅಂಗಿಯ ಮೇಲಿನ ಎರಡು ಗುಂಡಿಯನ್ನೂ ಹಾಕಿಕೊಂಡರು. ನಾನು ಅದನ್ನು ನೋಡಿದೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಫೋಟೋದಲ್ಲಿ ಅವರ ಮುಖ ಬರಲಿಲ್ಲ, ಹಗ್ಗ ಹಿಡಿದ ಒಂದು ಕೈ, ಒಂದು ಮಣೆ, ಗಿರಿಜಕ್ಕನ ಒಂದು ಪಾದ.

ಆ ರಾತ್ರಿ ಕುಳಿತು ದೋಷಗಳನ್ನು ಬರೆದೆ. ಮಾನವ ಶ್ರಮವನ್ನು ಅವಲಂಬಿಸಿದೆ. ಹಗ್ಗ ಸವೆಯುವ ಸಾಧ್ಯತೆ ಇದೆ. ಮರ ಒದ್ದೆಯಾದರೆ ಜಾರಬಹುದು. ಹೀಗೆ ಆರು ಸಿಕ್ಕಿತು. ಇನ್ನೊಂದು ಕಾಲೇಜಿನವರು ತಮ್ಮ ವರದಿಯಲ್ಲಿ ಆರು ದೋಷ ಬರೆದಿದ್ದಾರೆಂದು ಸುದ್ದಿ ಬಂದದ್ದರಿಂದ ಏಳನೆಯದಾಗಿ ‘ನೋಡಲು ಚೆನ್ನಾಗಿಲ್ಲ’ ಎಂದು ಸೇರಿಸಿದೆ. ಕೊನೆಯ ಪುಟದಲ್ಲಿ ‘ನಾವೀನ್ಯಕಾರರ ಹೆಸರು’ ಎಂದು ಐದು ಗೆರೆ ಇತ್ತು. ನನ್ನದು, ಮಕ್ಕಳ ಮೂರು, ಒಂದು ಗೆರೆ ಉಳಿಯಿತು. ಕಂಡಕ್ಟರನ್ನು ಹಾಕಬೇಕಲ್ಲ ಎಂದು ಮನಸ್ಸಿಗೆ ಬಂದದ್ದು ಸುಳ್ಳಲ್ಲ. ಆದರೆ ಹೆಸರು ಗೊತ್ತಿರಲಿಲ್ಲ. ಕಳಿಸಲು ಇನ್ನೂ ಎರಡು ದಿನ ಇತ್ತು, ಅಂದರೆ ಹೋಗಿ ಬರುವುದು ಸೇರಿ ನಾಲ್ಕು ಸಲ ಅವರ ಎದುರು ನಿಲ್ಲುವವನಿದ್ದೆ. ಕೇಳಲಿಲ್ಲ. ಐದನೇ ಗೆರೆಯಲ್ಲಿ ಪ್ರಾಂಶುಪಾಲರ ಹೆಸರು ಬರೆದೆ.

ಪ್ರಥಮ ಬಹುಮಾನ ಬಂತು. ಪತ್ರಿಕೆಯ ಸ್ಥಳೀಯ ಪುಟದಲ್ಲಿ ಎರಡು ಫೋಟೋ ಹಾಕಿದರು. ಒಂದರಲ್ಲಿ ಶಾಲು ಹೊದ್ದ ನಾನು. ಇನ್ನೊಂದರಲ್ಲಿ ಮಣೆ, ಹಿಂದೆ ಬಸ್ಸಿನ ಹೆಸರು ಸ್ಪಷ್ಟವಾಗಿ. ಮರುದಿನ ನಾನು ಬಸ್ಸು ಹತ್ತುವಾಗ ಪತ್ರಿಕೆ ಅವರ ಬಗಲಲ್ಲಿತ್ತು. ಗೋಳಿಮರದಲ್ಲಿ ಹತ್ತಿದ ಗಿರಿಜಕ್ಕ, “ನನ್ನ ಕಾಲಿನ ಫೋಟೋ ಬಂದಿದೆಯಂತೆ, ಎಂತ ಬರ್ದಿದ್ದಾರೆ ಓದಿ ಕಂಡಕ್ಟ್ರೆ” ಎಂದರು. ಅವರು ಬಿಡಿಸಿ, ಎಲ್ಲರಿಗೂ ಕೇಳುವ ಹಾಗೆ ಫೋಟೋದ ಅಡಿಬರಹ ಓದಿದರು. “ಈಗಿರುವ ಅಪಾಯಕಾರಿ ವ್ಯವಸ್ಥೆ.”

ಓದಿ ಮುಗಿಸಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು.

“ಅಪಾಯ ಹೌದಾ ಮಾಸ್ಟ್ರೆ?”

“ಅದು… ವರದಿಯಲ್ಲಿ ಹಾಗೆ ಬರೀಬೇಕಾಗ್ತದೆ ಕಂಡಕ್ಟ್ರೆ.”

“ಓ, ಹಾಗೆ ಬರೀಬೇಕಾ” ಎಂದರು. ಪತ್ರಿಕೆ ಮಡಚಿ, ಟಿಕೇಟು ಹರಿದು ಕೊಟ್ಟು ಮುಂದೆ ಹೋದರು.

ಬಸ್ಸಿನ ಧನಿಗಳೂ ಪತ್ರಿಕೆ ಓದುವವರು. ಅಪಾಯಕಾರಿ ಎಂದು ಅಚ್ಚಾದ ಮೇಲೆ ಯಾರಾದರೂ ಬಿದ್ದರೆ ತಲೆ ತಮ್ಮದು ಹೋಗುತ್ತದೆ ಎಂದು ಸಂಜೆಗೇ ಮಣೆ ತೆಗೆಸಿದರು. ತೆಗೆಸಿದ್ದಲ್ಲದೆ, “ನಮ್ಮ ಮಾಸ್ಟ್ರು ಮಾಡಿದ ಮೆಷಿನನ್ನೇ ಹಾಕುವ” ಎಂದು ಕಾಲೇಜಿಗೆ ಫೋನು ಮಾಡಿದರು. ನನಗೆ ಆ ದಿನ ನೆಲದ ಮೇಲೆ ಕಾಲಿರಲಿಲ್ಲ.

ಮೆಷಿನು ಬಸ್ಸಿನಲ್ಲಿ ಮೂರು ದಿನ ಇತ್ತು. ಮೊದಲ ದಿನ ಅದು ಮನುಷ್ಯರನ್ನು ಬಿಟ್ಟು ಉಳಿದ ಎಲ್ಲದಕ್ಕೂ ಹೊರಗೆ ಬಂತು. ನಾಯಿಗೆ ಬಂತು, ಮೀನಿನ ಸ್ಕೂಟರಿಗೆ ಬಂತು. ಎರಡನೆಯ ದಿನ ಮಳೆ. ಪ್ರತಿ ಹನಿಯನ್ನೂ ಪ್ರಯಾಣಿಕ ಎಂದು ತಿಳಿದು ವೇಣೂರಿನಿಂದ ಪೆರಿಂಜೆಯವರೆಗೆ ಹೊರಗೆ ಒಳಗೆ, ಹೊರಗೆ ಒಳಗೆ. ರಸ್ತೆಯ ಬದಿಯಲ್ಲಿ ನಿಂತವರು ಕೈಬೀಸಿ ನಕ್ಕರು. ಮೂರನೆಯ ದಿನ ಗಿರಿಜಕ್ಕ ಬಂದು ಎದುರು ನಿಂತರು. ಮೆಟ್ಟಿಲು ಬರಲಿಲ್ಲ. ಬುಟ್ಟಿ ಅಲ್ಲಾಡಿಸಿದರು, ಬರಲಿಲ್ಲ. “ಮಾಸ್ಟ್ರೆ, ಇದಕ್ಕೆ ನಾನು ಕಾಣುದಿಲ್ಲವಾ?” ಎಂದು ಕೇಳಿದರು. ಅವರು ಹೇಗೋ ಹತ್ತಿದ ಮೇಲೆ, ಮುಂದಿನ ಹಂಪಿನಲ್ಲಿ ಮೆಟ್ಟಿಲು ತಾನಾಗಿ ಹೊರಬಂದು ಡಾಂಬರಿಗೆ ಬಡಿದು ಕಿತ್ತುಹೋಯಿತು. ಕಂಡಕ್ಟರು ಇಳಿದು ಹೋಗಿ ಅದನ್ನು ಎತ್ತಿ ತಂದು, ಮಗುವನ್ನು ಕೊಡುವ ಹಾಗೆ ನನ್ನ ತೊಡೆಯ ಮೇಲಿಟ್ಟರು.

ಅಲ್ಲಿಗೆ ಬಸ್ಸಿನಲ್ಲಿ ಮಣೆಯೂ ಇಲ್ಲ, ಮೆಷಿನೂ ಇಲ್ಲ. ನನ್ನ ಗೋಡೆಯ ಮೇಲೆ ಪ್ರಶಸ್ತಿಪತ್ರ ಮಾತ್ರ ಇತ್ತು. ಗಿರಿಜಕ್ಕ ಬರುವುದು ನಿಂತಿತು. ಬುಟ್ಟಿಯನ್ನು ಮಾತ್ರ ಕಂಡಕ್ಟರ ಕೈಗೆ ಕೊಡುತ್ತಿದ್ದರು, ಅವರು ಅದನ್ನು ಮೂಡುಬಿದಿರೆಯಲ್ಲಿ ಗಿರಿಜಕ್ಕನ ಪರಿಚಯದ ಹೂವಿನವಳಿಗೆ ತಲುಪಿಸುತ್ತಿದ್ದರು. ಬಸ್ಸು ಹೊರಟ ಮೇಲೂ ಗಿರಿಜಕ್ಕ ಗೋಳಿಮರದ ಕೆಳಗೆ ನಿಂತೇ ಇರುತ್ತಿದ್ದರು. “ಬುಟ್ಟಿ ಊರು ನೋಡಿ ಬರ್ತದೆ, ನಾನು ಮರ ನೋಡುದು” ಎಂದು ಕುಶಾಲು ಮಾಡುತ್ತಿದ್ದರು. ನಾನು ಬಸ್ಸಿನ ಆಚೆ ಬದಿಯ ಕಿಟಕಿಗೆ ಕೂರತೊಡಗಿದೆ.

ಒಂದು ಸಂಜೆ ಧೈರ್ಯ ಮಾಡಿ, “ಕಂಡಕ್ಟ್ರೆ, ಪೇಪರಿನಲ್ಲಿ ಇನ್ನೊಂದು ಬರೀತೇನೆ, ಮಣೆ ಒಳ್ಳೆಯದು ಅಂತ” ಎಂದೆ. ಆಗಲೇ ಅವರು ಟಿಕೇಟಿನ ಕಟ್ಟು ಬಗಲಿಗೆ ಸಿಕ್ಕಿಸಿ ಎರಡೂ ಕೈ ಜೋಡಿಸಿದ್ದು. “ಬೇಡ ಮಾಸ್ಟ್ರೆ. ಇನ್ನು ನನ್ನದು ಎಂತದನ್ನೂ ಪೇಪರಿಗೆ ಹಾಕ್ಬೇಡಿ.”

“ಹಾಗಾದ್ರೆ ಗಿರಿಜಕ್ಕ?”

“ನೋಡುವ.”

ಆಮೇಲೆ ಒಂದು ದಿನ ಗಿರಿಜಕ್ಕ ಬಸ್ಸಿನಲ್ಲಿದ್ದರು. ಯಾರೋ ಎತ್ತಿ ಹತ್ತಿಸಿರಬೇಕು ಎಂದುಕೊಂಡೆ. ಮುಂದಿನ ವಾರವೂ ಇದ್ದರು. ಮಂಡಿ ವಾಸಿಯಾಗಿರಬೇಕು ಎಂದುಕೊಂಡೆ. ಬಾಯಿಬಿಟ್ಟು ಹೇಳುವುದಾದರೆ, ಸಮಸ್ಯೆಯನ್ನು ನೋಡುವವನೇ ನಾವೀನ್ಯಕಾರ ಎಂದು ವರ್ಷಗಟ್ಟಲೆ ಪಾಠ ಮಾಡಿದ ನಾನು, ಅಲ್ಲಿ ಏನಾಗಿದೆ ಎಂದು ನೋಡಲು ಆರು ತಿಂಗಳು ತೆಗೆದುಕೊಂಡೆ. ಬಸ್ಸು ನಿಂತಾಗ ಬಾಗಿಲಿನ ಬದಿಯ ಕಿಟಕಿಯಲ್ಲಿ ಗೋಳಿಮರ ಕಾಣುತ್ತಿಲ್ಲವಲ್ಲ ಎಂದು ಒಂದು ಬೆಳಿಗ್ಗೆ ಹೊಳೆಯಿತು. ಎದ್ದು ಆ ಬದಿಗೆ ಹೋಗಿ ತಲೆ ಹೊರಗೆ ಹಾಕಿ ನೋಡಿದೆ.

ಮರದಿಂದ ಮೂವತ್ತು ಹೆಜ್ಜೆ ಮುಂದೆ, ರಸ್ತೆ ತಗ್ಗಿಸಿದಾಗ ಬದಿಯಲ್ಲಿ ಉಳಿದುಹೋದ ಕೆಂಪು ಮುರಕಲ್ಲಿನ ದಿಬ್ಬ ಒಂದಿದೆ, ಮನೆಯ ಜಗಲಿಯಷ್ಟು ಎತ್ತರ. ಗಿರಿಜಕ್ಕನ ಮನೆಯ ಕಾಲುದಾರಿ ಗುಡ್ಡದಿಂದ ಇಳಿದು ನೇರ ಅದರ ಮೇಲೆಯೇ ಬಂದು ಸೇರುತ್ತದೆ. ಬಸ್ಸು ಅದಕ್ಕೆ ತಾಗಿ ನಿಂತರೆ ದಿಬ್ಬವೂ ಫುಟ್‌ಬೋರ್ಡೂ ಸಮಸಮ. ಇಷ್ಟು ಕಾಲ ಗುಡ್ಡದ ಜನ ದಿಬ್ಬದಿಂದ ರಸ್ತೆಗೆ ಇಳಿದು, ಮರದವರೆಗೆ ನಡೆದು, ಅಲ್ಲಿಂದ ಬಸ್ಸಿಗೆ ಏದುಸಿರು ಬಿಟ್ಟು ಹತ್ತುತ್ತಿದ್ದರು. ಈಗ ಯಾರೂ ಇಳಿಯುವುದೂ ಬೇಡ, ಹತ್ತುವುದೂ ಬೇಡ. ಹಗ್ಗ ಇಲ್ಲ, ಮಣೆ ಇಲ್ಲ, ಧನಿಗಳು ತೆಗೆಸುವಂಥದ್ದು ಏನೂ ಇಲ್ಲ.

“ಜನ ಒಪ್ಪಿದ್ರಾ?” ಎಂದು ಕೇಳಿದೆ.

“ಒಪ್ಪುದಾ? ಬೊಬ್ಬೆ ಹಾಕಿದ್ರು. ಮರದ ಹತ್ತಿರ ನಿಂತವರು ಓಡಿ ಬರ್ಬೇಕಲ್ಲ. ಡ್ರೈವರಿಗೆ ಬ್ರೇಕ್ ಹಾಕ್ಲಿಕ್ಕೆ ತಡ ಆಗ್ತದೆ, ಎಂತ ಮಾಡುದು ಅಂತ ಹೇಳಿದೆ. ಹತ್ತು ದಿನ ಓಡಿದ್ರು. ಆಮೇಲೆ ಅವರೇ ಇಲ್ಲಿ ಬಂದು ನಿಲ್ತಾರೆ.”

ಇಪ್ಪತ್ತು ವರ್ಷ ಸರ್ವಿಸಾದ ಡ್ರೈವರು ಈ ಮಾತಿಗೆ ಎರಡು ದಿನ ಅವರ ಹತ್ತಿರ ಮಾತು ಬಿಟ್ಟಿದ್ದರಂತೆ. ನನ್ನೊಳಗಿನ ಪ್ರಾಜೆಕ್ಟ್ ಗೈಡ್ ಮಾತ್ರ ಸುಮ್ಮನಿರಲಿಲ್ಲ. “ಆದ್ರೆ ಇಲ್ಲಿ ನೆರಳಿಲ್ಲವಲ್ಲ ಕಂಡಕ್ಟ್ರೆ, ಅದು ದೋಷ ಅಲ್ವಾ?” ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮರದ ಹತ್ತಿರ ನೆರಳುಂಟು, ಎತ್ತರ ಇಲ್ಲ. ಇಲ್ಲಿ ಎತ್ತರ ಉಂಟು, ನೆರಳಿಲ್ಲ. ನೆರಳು ಬೇಕಾದವರು ಕೊಡೆ ಹಿಡೀಲಿ. ಎತ್ತರವನ್ನು ಯಾರಾದ್ರೂ ಮನೆಯಿಂದ ತರ್ತಾರಾ?” ಎಂದು ಎರಡು ಬಡಿದರು. ಬಸ್ಸು ಹೊರಟಿತು.

ಕಾಲೇಜಿಗೆ ಹೋಗಿ ಗೋಡೆಯ ಪ್ರಶಸ್ತಿಪತ್ರ ತೆಗೆದುಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ತೆಗೆಯಲಿಲ್ಲ. ನಿವೃತ್ತಿಯ ದಿನ ಸನ್ಮಾನದ ಭಾಷಣಗಳಲ್ಲಿ ಅದರ ಉಲ್ಲೇಖ ಮೂರು ಸಲ ಬಂತು, ಮೂರು ಸಲವೂ ತಲೆ ತಗ್ಗಿಸಿ ವಿನಯದಿಂದ ಸ್ವೀಕರಿಸಿದೆ.

ಕಂಡಕ್ಟರ ಮನೆ ನೆರಿಯದಲ್ಲಿ, ಕಾಡಿನ ಅಂಚಿಗೆ. ದಿನಾ ಅಷ್ಟು ದೂರದಿಂದ ಎಂಟು ಗಂಟೆಯೊಳಗೆ ಗುರುವಾಯನಕೆರೆಗೆ ಬರುತ್ತಿದ್ದರು ಎಂಬುದೂ ನನಗೆ ಗೊತ್ತಾದದ್ದು ಬೊಜ್ಜದ ದಿನ. ಅವರ ಹೆಂಡತಿ ಅಂಗಳದಲ್ಲಿ ನನ್ನನ್ನು ಮಾತಾಡಿಸಿದರು. ಪರಿಚಯ ಹೇಳಿಕೊಂಡೆ, ಬಸ್ಸಿನ ಮಾಸ್ಟ್ರು ಎಂದು. ಅಡುಗೆಮನೆಯ ಬಾಗಿಲಿನ ಹತ್ತಿರ ಯಾರೋ ಕಾಯಿ ತುರಿಯುತ್ತಿದ್ದರು. ಮಣೆ ನನಗೆ ಕೂಡಲೇ ಗುರುತು ಸಿಕ್ಕಿತು. ಬಸ್ಸಿನ ಬಾಗಿಲಿಗೆ ತಾಗಿ ತಾಗಿ ಒಂದು ಮೂಲೆ ಸವೆದಿತ್ತು. ತೂತಿಗೆ ಹೊಸ ತುರಿ ಬಂದು ಕೂತಿತ್ತು.

ನಾನು ನೋಡುವುದನ್ನು ಅವರು ನೋಡಿದರು. “ಅದು ನನ್ನ ಮಣೆ ಮಾಸ್ಟ್ರೆ. ಬಸ್ಸಿಗೆ ಬೇಕು ಅಂತ ಒಂದು ದಿನ ಕೇಳದೆ ತಕ್ಕೊಂಡು ಹೋದ್ರು. ಐದು ವರ್ಷ ನಾನು ಪಕ್ಕದ ಮನೆಯಿಂದ ತಂದು ಕಾಯಿ ತುರಿದದ್ದು. ಎಷ್ಟು ಜಗಳ ಮಾಡಿದ್ರೂ ನೋಡುವ, ನೋಡುವ. ಕಡೆಗೆ ಯಾರೋ ಪುಣ್ಯಾತ್ಮರು ಪೇಪರಿಗೆ ಹಾಕಿದ್ರಂತೆ, ಅದರಿಂದ ನನ್ನ ಮಣೆ ವಾಪಸು ಬಂತು. ಅವರ ಹೊಟ್ಟೆ ತಣ್ಣಗಿರ್ಲಿ.”

ನನ್ನ ಇಡೀ ವೃತ್ತಿಜೀವನದ ನಾವೀನ್ಯದಿಂದ ಉಪಕಾರವಾದ ಒಂದೇ ಒಂದು ಜೀವ ಹೀಗೆ ನನ್ನೆದುರು ನಿಂತು ಹರಸಿತು. ಆ ಪುಣ್ಯಾತ್ಮ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಊಟಕ್ಕೆ ಕುಳಿತೆ. ಪಲ್ಯಕ್ಕೆ ಧಾರಾಳ ತೆಂಗಿನತುರಿ ಹಾಕಿದ್ದರು.

ಕಳೆದ ವಾರ ಮೂಡುಬಿದಿರೆಗೆ ಹೋಗುವಾಗ ಸುಮ್ಮನೆ ಆ ದಿಬ್ಬದ ಹತ್ತಿರ ಇಳಿದೆ. ಈಗ ನನ್ನ ಮಂಡಿಯೂ ಮಡಚುವುದಿಲ್ಲ. ಗೋಳಿಮರದ ಕೆಳಗೆ ಪಂಚಾಯತಿನವರು ಒಳ್ಳೆಯ ತಂಗುದಾಣ ಕಟ್ಟಿಸಿದ್ದಾರೆ, ಟೈಲ್ಸು ಹಾಕಿದ ಬೆಂಚು ಇದೆ. ಅದರಲ್ಲಿ ಎರಡು ನಾಯಿ ಮಲಗಿದ್ದವು. ಜನ ಎಲ್ಲ ಬಿಸಿಲಲ್ಲಿ ದಿಬ್ಬದ ಮೇಲೆ. ಅವರ ನಡುವೆ ಗಿರಿಜಕ್ಕ, ಬುಟ್ಟಿ ಚಿಕ್ಕದಾಗಿದೆ, ನಾಲಗೆ ಹಾಗೆಯೇ ಇದೆ.

ಒಬ್ಬಳು ವಿದ್ಯಾರ್ಥಿನಿ ಮೊಬೈಲು ಹಿಡಿದು ಎಲ್ಲರನ್ನೂ ವಿಚಾರಿಸುತ್ತಿದ್ದಳು. ನನ್ನ ಹಳೆಯ ಕಾಲೇಜಿನವಳೇ. ‘ಸ್ಮಾರ್ಟ್ ಬಸ್ ತಂಗುದಾಣ’ ಅವಳ ಪ್ರಾಜೆಕ್ಟು, ಮರದ ಹತ್ತಿರ. ಅದು ಆದರೆ ಎಲ್ಲ ಬಸ್ಸುಗಳೂ ಅಲ್ಲೇ ನಿಲ್ಲಬೇಕೆಂದು ಬೋರ್ಡು ಬೀಳುತ್ತದಂತೆ. ಅಂದರೆ ಗಿರಿಜಕ್ಕ ಮತ್ತೆ ಮರದ ಕೆಳಗೆ.

“ತಂಗುದಾಣ ಅಲ್ಲಿದ್ರೂ ನೀವೆಲ್ಲ ಇಲ್ಲಿ ಯಾಕೆ ನಿಲ್ಲುದು ಅಜ್ಜಿ?” ಎಂದು ಅವಳು ಕೇಳಿದಳು.

“ಸ್ಟಾಪು ಇಲ್ಲಿ ಅಲ್ವಾ ಮಗಾ?”

“ಇಲ್ಲಿಗೆ ಯಾರು ಮಾಡಿದ್ದು?”

“ಯಾರು ಮಾಡ್ಲಿಕ್ಕೆ? ಮೊದ್ಲಿಂದ ಇಲ್ಲೇ ಉಂಟು” ಎಂದರು ಗಿರಿಜಕ್ಕ.

ಯಾರಿಗಾಗಿ ಮಾಡಿದರೋ ಅವರಿಗೇ ನೆನಪಿಲ್ಲ. ನನಗೆ ಅಳು ಬಂದಂತಾಯಿತು. ಆ ಮನುಷ್ಯ ಇದ್ದಿದ್ದರೆ ‘ಯಾವ ಸ್ಟಾಪು?’ ಎಂದು ತಾನೂ ಮರೆತವರ ಹಾಗೆ ನಿಲ್ಲುತ್ತಿದ್ದರು ಎಂದು ನೆನೆದು ನಗುವೂ ಬಂತು.

ಹುಡುಗಿ ನನ್ನ ಕಡೆ ತಿರುಗಿದಳು. “ಸರ್, ಈಗಿರುವ ವ್ಯವಸ್ಥೆಯ ದೋಷಗಳು ಎಂತೆಲ್ಲ?”

“ದೋಷ ಇಲ್ಲಮ್ಮ.”

“ಒಂದಾದ್ರೂ ಬೇಕು ಸರ್. ಇಲ್ಲದಿದ್ರೆ ಫಾರ್ಮ್ ಮುಂದೆ ಹೋಗುದಿಲ್ಲ.”

ನಮ್ಮ ಕೋಶದ ಫಾರ್ಮಿಗೆ ಆ ನಿಯಮ ಹಾಕಿದವನು ನಾನೇ. ಕಾಗದದ ಫಾರ್ಮು ಮೊಬೈಲಿಗೆ ಬಂದಿದ್ದರೂ ಮೇಷ್ಟ್ರ ಕಾಟ ತಪ್ಪಿರಲಿಲ್ಲ.

“ಹಾಗಾದ್ರೆ, ನೆರಳಿಲ್ಲ ಅಂತ ಬರಿ.”

“ಪರಿಹಾರ?”

“ಕೊಡೆ.”

“ಕೊಡೆಯಾ? ಅಷ್ಟೇಯಾ ಸರ್?”

“ಅಷ್ಟೇ. ಸ್ಟಾಪು ಇಲ್ಲೇ ಇರ್ಬೇಕು ಅಂತಲೂ ಬರಿ. ನಿನ್ನ ಪ್ರಾಜೆಕ್ಟು ಈ ದಿಬ್ಬದ ಮೇಲೆಯೇ ಮಾಡು, ನಿನ್ನ ಗೈಡ್ ಹತ್ತಿರ ನಾನು ಮಾತಾಡ್ತೇನೆ.”

ಅವಳು ನನ್ನ ಮುಖವನ್ನೊಮ್ಮೆ ನೋಡಿ ಬರೆದುಕೊಂಡಳು. ಬೆರಳಿನಿಂದ ಪರದೆಯನ್ನು ಕೆಳಗೆ ಸರಿಸಿದಳು. “ಪರಿಹಾರ ಕೊಟ್ಟ ನಾವೀನ್ಯಕಾರರ ಹೆಸರು ಅಂತ ಉಂಟು. ನಿಮ್ಮ ಹೆಸರು ಹೇಳಿ ಸರ್.”

ಪೇಪರಿಗೆ ಹಾಕಬೇಡಿ ಎಂದು ಅವರು ಕೈಮುಗಿದಿದ್ದರು. ಫಾರ್ಮಿನ ಬಗ್ಗೆ ಏನೂ ಹೇಳಿರಲಿಲ್ಲ. ಅಂಗಿಯ ಜೇಬಿನಲ್ಲಿ ಬೊಜ್ಜದ ಕಾರ್ಡು ಇನ್ನೂ ಇತ್ತು. ತೆಗೆದು, ಕನ್ನಡಕ ಹಾಕಿಕೊಂಡು, ಅವರ ಹೆಸರನ್ನು ಇನಿಷಿಯಲ್ ಸಮೇತ ನಿಧಾನವಾಗಿ ಓದಿ ಹೇಳಿದೆ. ಅವಳು ಒಂದೊಂದೇ ಅಕ್ಷರ ಒತ್ತಿದಳು.

“ಇದು ನೀವಾ ಸರ್?”

“ಅಲ್ಲ” ಎಂದೆ.

ಬಸ್ಸು ಬಂದು ದಿಬ್ಬಕ್ಕೆ ತಾಗಿ ನಿಂತಿತು. ಗಿರಿಜಕ್ಕ ಬುಟ್ಟಿ ಹಿಡಿದು ಒಳಗೆ ಹೋದರು. ಅವರ ಹಿಂದೆ ನಾನೂ ಕಾಲಿಟ್ಟೆ. ಹತ್ತಿದ್ದು ಗೊತ್ತೇ ಆಗಲಿಲ್ಲ.